ಒಂದು ಖಾತೆ, ಐದು ಕೀಲಿಕೈ

ಲೆಕ್ಕದ ಅಕ್ಕ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಹೋದ ತಿಂಗಳ ಅಂಕಣದಲ್ಲಿ ಮನೆಯ ಖರ್ಚಿನ ಪುಸ್ತಕ ಇಡುವುದು ಹೇಗೆ ಎಂದು ಬರೆಯುತ್ತಿದ್ದೆ. ಮಾತಿಗೆ ಮಾತು ಬಂದು, ನಾನು ಒಂಬತ್ತು ವರ್ಷ ನಮ್ಮ ಚರ್ಚಿನ ಖಜಾಂಚಿಯಾಗಿದ್ದೆ ಎಂದುಬಿಟ್ಟೆ. ಮುಂಬಯಿ ಸುತ್ತಮುತ್ತ ಐದು ಕಡೆ ಆರಾಧನೆ, ಬ್ಯಾಂಕಿನಲ್ಲಿ ಮಾತ್ರ ಒಂದೇ ಖಾತೆ. ಅದನ್ನು ಸರಿದೂಗಿಸಿದವಳಿಗೆ ಮನೆಯ ಲೆಕ್ಕ ಯಾವ ಮಹಾ ಎಂಬ ಜಂಬದ ಮಾತು ಅದು. ಖರ್ಚಿನ ಪುಸ್ತಕದ ಬಗ್ಗೆ ಎರಡು ಪತ್ರ ಬಂದವು, ಚರ್ಚಿನ ಬಗ್ಗೆ ಹದಿನಾರು. ಸಂಪಾದಕರು ನಗುತ್ತ ಕಟ್ಟನ್ನು ಕೈಗಿಟ್ಟರು. ಆರಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಉಳಿದ ಹತ್ತರಲ್ಲಿ ನಾಲ್ಕು ಬರೀ ಬೈಗುಳ, ಆರು ಬರೀ ಆಶೀರ್ವಾದ. ಎರಡಕ್ಕೂ ಉತ್ತರ ಬೇಕಿಲ್ಲ.

ಪ್ರಶ್ನೆ: ನಮ್ಮ ಕಟ್ಟಡದ ಪಕ್ಕದ ಶಾಲೆಯ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಒಂದು ಚರ್ಚಿನ ಆರಾಧನೆ ನಡೆಯುತ್ತದೆ. ಅದೇ ಚರ್ಚು ಕಲ್ಯಾಣದಲ್ಲೂ ವಾಶಿಯಲ್ಲೂ ಇದೆಯಂತೆ. ನಮ್ಮ ಮನೆಗೆಲಸದವಳ ಇಬ್ಬರು ಮಕ್ಕಳು ಅವರು ನಡೆಸುವ ಸಂಜೆ ಪಾಠಕ್ಕೆ ಹೋಗುತ್ತಾರೆ. ನೋಟುಪುಸ್ತಕ, ಚೀಲ ಎಲ್ಲ ಕೊಟ್ಟಿದ್ದಾರೆ. ‘ಪುಕ್ಕಟೆ ಕೊಡುವವರು ಯಾಕೆ ಕೊಡುತ್ತಾರೆ ಎಂದು ಮೊದಲು ವಿಚಾರಿಸು’ ಎನ್ನುತ್ತಾರೆ ನಮ್ಮ ಯಜಮಾನರು. ಅವಳಿಗೆ ಬೇಡವೆನ್ನಲೇ?
ಒಬ್ಬ ಗೃಹಿಣಿ, ಡೊಂಬಿವಲಿ

ಉತ್ತರ: ಬೇಡವೆನ್ನಬೇಡಿ ತಾಯಿ. ಆದರೆ ನಿಮ್ಮ ಯಜಮಾನರ ಪ್ರಶ್ನೆಯಲ್ಲಿ ತಪ್ಪಿಲ್ಲ. ಪುಕ್ಕಟೆ ಬಂದದ್ದನ್ನು ತಿರುಗಿಸಿ ನೋಡುವುದು ನಮ್ಮ ದೇಶದ ಹಳೆಯ ಬುದ್ಧಿವಂತಿಕೆ. ನಾನೂ ತರಕಾರಿಯವನು ಕೊಡುವ ಪುಕ್ಕಟೆ ಕೊತ್ತಂಬರಿಯನ್ನು ಬಿಡಿಸಿ ನೋಡುತ್ತೇನೆ.

ಈ ಪ್ರಶ್ನೆ ಇದೇ ಮುಂಬಯಿ, ಪುಣೆಗಳಲ್ಲಿ ಒಮ್ಮೆ ದೊಡ್ಡದಾಗಿಯೇ ಎದ್ದಿತ್ತು. ಕಾರ್ಕಳದ ಹತ್ತಿರದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ಪಂಡಿತಾ ರಮಾಬಾಯಿ, ಅಂದರೆ ನಮ್ಮ ಕಡೆಯ ಹೆಣ್ಣುಮಗಳೇ, 1889ರಲ್ಲಿ ಚೌಪಾಟಿಯ ಬಳಿ ವಿಧವೆಯರಿಗಾಗಿ ಶಾರದಾ ಸದನ ಎಂಬ ವಸತಿ ಶಾಲೆ ತೆರೆದರು. ಆಗಲೇ ಅವರು ಕ್ರೈಸ್ತರಾಗಿದ್ದರು. ಸದನದಲ್ಲಿ ಮತಬೋಧನೆ ಮಾಡುವುದಿಲ್ಲ ಎಂಬ ಮಾತಿನ ಮೇಲೆ ಸಮಾಜ ಸುಧಾರಕರಾದ ರಾನಡೆ, ಭಂಡಾರಕರ್ ಅವರಂಥ ದೊಡ್ಡವರು ಸಲಹಾ ಮಂಡಳಿಗೆ ಬಂದರು. ಮರುವರ್ಷ ಸದನ ಪುಣೆಗೆ ಹೋಯಿತು. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ, ಕೆಲವು ಹುಡುಗಿಯರು ಬಂದು ಕೂರತೊಡಗಿದರು. ನಾನು ಯಾರನ್ನೂ ಕರೆಯಲಿಲ್ಲ ಎಂದರು ಅವರು. ಬಾಗಿಲು ಯಾಕೆ ತೆರೆದಿಟ್ಟಿರಿ ಎಂದರು ಮಂಡಳಿಯವರು. 1893ರಲ್ಲಿ ರಾನಡೆಯವರೂ ಭಂಡಾರಕರ್ ಅವರೂ ಮಂಡಳಿ ಬಿಟ್ಟರು, ಹಲವು ತಂದೆ ತಾಯಿಯರು ಮಕ್ಕಳನ್ನು ಕರೆದುಕೊಂಡು ಹೋದರು. ಅದೇ ರಮಾಬಾಯಿ 1896–97ರ ಬರಗಾಲದಲ್ಲಿ ಮಧ್ಯ ಪ್ರಾಂತದವರೆಗೆ ಹೋಗಿ, ರಸ್ತೆಯಲ್ಲಿ ಬಿದ್ದಿದ್ದ ಹೆಣ್ಣುಮಕ್ಕಳನ್ನು ಎತ್ತಿ ತಂದು ಪುಣೆಯಾಚೆಯ ಕೇಡಗಾಂವದ ಮುಕ್ತಿ ಸದನದಲ್ಲಿ ಸಾಕಿದರು. ನೇಯ್ಗೆ, ಅಚ್ಚಿನ ಕೆಲಸ ಕಲಿಸಿದರು. ಸದನ ಇಂದಿಗೂ ಇದೆ. ಆ ಹೆಣ್ಣುಮಕ್ಕಳ ಹೊಟ್ಟೆಗೆ ಅನ್ನ ಬಿದ್ದದ್ದು ನಿಜ, ಪುಣೆಯ ಆ ತಂದೆ ತಾಯಿಯರಿಗೆ ನಂಬಿಕೆ ಮುರಿದದ್ದೂ ನಿಜ. ನಾನು ಕ್ರೈಸ್ತಳೆಂದು ಎರಡನೆಯದನ್ನು ನುಂಗಿ ಮೊದಲನೆಯದನ್ನಷ್ಟೇ ಹೇಳಿದರೆ ಲೆಕ್ಕ ತಪ್ಪುತ್ತದೆ.

ಹಾಗಾಗಿ ಒಂದು ಸಂಜೆ ಹೇಳದೆ ಕೇಳದೆ ನೀವೇ ಹೋಗಿ. ಬಾಗಿಲು ತೆರೆದಿದೆಯೇ, ಕಲಿಸುವ ದೊಡ್ಡವರು ಕನಿಷ್ಠ ಇಬ್ಬರಿದ್ದಾರೆಯೇ, ನಿಮ್ಮನ್ನು ಕಂಡು ಮುಖ ಗಂಟಿಕ್ಕಿದರೋ ಕುರ್ಚಿ ಎಳೆದರೋ ನೋಡಿ. ಆಮೇಲೆ ಕೇಳಿ: ಪಾಠದಲ್ಲಿ ಪ್ರಾರ್ಥನೆ ಇದೆಯೇ? ಇದ್ದರೆ ಅದನ್ನು ತಾಯಿಗೆ ಮೊದಲೇ ಹೇಳಿದ್ದೀರಾ? ಭಾನುವಾರ ಬಾರದ ಮಗುವಿಗೂ ಸೋಮವಾರ ನೋಟುಪುಸ್ತಕ ಸಿಗುತ್ತದೆಯೇ? ಕೊನೆಯ ಪ್ರಶ್ನೆಗೆ ‘ಹೌದು’ ಎಂದು ತಡವರಿಸದೆ ಹೇಳಿದರೆ ಮಕ್ಕಳನ್ನು ನಿಶ್ಚಿಂತೆಯಿಂದ ಕಳಿಸಲಿ. ತಡವರಿಸಿದರೆ, ತಾಯಿಗೆ ಕಂಡದ್ದನ್ನು ಹೇಳಿ; ಕಳಿಸುವುದೋ ಬಿಡುವುದೋ ಅವಳದೇ ತೀರ್ಮಾನ. ಮನೆಗೆಲಸದವಳ ಪರವಾಗಿ ನಾವು ತೀರ್ಮಾನಿಸುವುದೂ ಒಂದು ಬಗೆಯ ಉಪಕಾರದ ದರ್ಪವೇ.

ಸಂಜೆ ಪಾಠ ನಮಗೇನು ಹೊಸದಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರಿಗಾಗಿ ಮುಂಬಯಿಯ ಕನ್ನಡಿಗರು ರಾತ್ರಿ ಶಾಲೆ ನಡೆಸಲಿಲ್ಲವೇ? ಅಲ್ಲಿ ಕಲಿತವರು ಎಷ್ಟು ಮಂದಿ ಬ್ಯಾಂಕಿಗೆ ಬಂದು ನನ್ನ ಪಕ್ಕದ ಕೌಂಟರಿನಲ್ಲಿ ಕೂತರು! ಮಾನ್‌ಖುರ್ದ್‌ನಲ್ಲಿ ನಮ್ಮದೂ ಒಂದು ಅಂಥ ಪಾಠ ಇದೆ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಮನೆಯ ಮಾತು ಕನ್ನಡ, ಶಾಲೆ ಮರಾಠಿ. ಮೂರನೆಯ ತರಗತಿಯ ಒಬ್ಬ ಹುಡುಗ ಗೋಲಿ ಎಣಿಸುವುದನ್ನು ನೀವು ಕೇಳಬೇಕು: ಹತ್ತರವರೆಗೆ ಒಂದು, ಎರಡು, ಮೂರು, ಹತ್ತು ದಾಟಿದ ಕೂಡಲೇ ಅಕರಾ, ಬಾರಾ, ತೇರಾ. ಹತ್ತು ಬೆರಳಿನ ಲೆಕ್ಕ ಅಮ್ಮನದು, ಅದರಾಚೆಯದು ಶಾಲೆಯದು. ಅವನ ಸಂಕಲನ ತಪ್ಪುತ್ತಿದ್ದುದು ಸರಿಯಾಗಿ ಆ ಹೊಸ್ತಿಲಿನಲ್ಲೇ. ಅದನ್ನು ಕಂಡುಹಿಡಿಯಲು ನಮಗೆ ನಾಲ್ಕು ತಿಂಗಳು ಬೇಕಾಯಿತು.

ಪ್ರಶ್ನೆ: ನಾವೂ ಹಲವು ಕಡೆ ಆರಾಧನೆ ನಡೆಸುವ ಒಂದು ಚರ್ಚಿನವರು. ಎಲ್ಲ ಜಾಗಗಳಿಗಿಂತ ಹೆಚ್ಚು ಕಾಣಿಕೆ ಬರುವುದು ನಮ್ಮ ಅಂಧೇರಿಯಿಂದ. ಅದೆಲ್ಲ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿಂದ ಬೇರೆ ಕಡೆಯ ಬಡವರ ಬಸ್ತಿಯ ಕೆಲಸಕ್ಕೆ ಹೋಗುತ್ತದೆ. ನಮ್ಮ ಬಾಡಿಗೆ ಸಭಾಂಗಣದ ಎಸಿ ಕೆಟ್ಟು ಎರಡು ಬೇಸಿಗೆ ಕಳೆದವು. ಇದು ನ್ಯಾಯವೇ ಅಕ್ಕ?
ಸಭಾಹಿರಿಯ, ಅಂಧೇರಿ

ಉತ್ತರ: ಎಸಿ ರಿಪೇರಿ ಮಾಡಿಸಿ ತಮ್ಮಾ. ಬೆವರುತ್ತ ಕೂತವರ ಕೈ ಕಾಣಿಕೆ ಚೀಲದ ಹತ್ತಿರ ಬೇಗ ಬರುವುದಿಲ್ಲ, ಇದು ಖಜಾಂಚಿಯ ಅನುಭವ. ಆದರೆ ನ್ಯಾಯದ ಮಾತು ಬೇರೆ.

ಬೇರೆ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಮಾನ್ಯವಾಗಿ ಒಂದೊಂದು ಚರ್ಚಿಗೂ ಅದರದೇ ಪಾದ್ರಿ, ಅದರದೇ ಸಮಿತಿ, ಅದರದೇ ಹಣ. ಈ ಹಲವು ಜಾಗದ ಚರ್ಚಿನಲ್ಲಿ ಹಾಗಲ್ಲ. ಒಂದೇ ಟ್ರಸ್ಟು, ಒಂದೇ ಸಮಿತಿ. ಆರಾಧನೆ ಮಾತ್ರ ಐದು ಕಡೆ. ನಮ್ಮದರಲ್ಲಿ ಬೈಕಲಾದ ಹಳೆಯ ಕಟ್ಟಡ ಒಂದೇ ಸ್ವಂತದ್ದು. ಅಂಧೇರಿ, ಥಾಣೆ, ವಾಶಿಗಳಲ್ಲಿ ಬಾಡಿಗೆ ಸಭಾಂಗಣ. ಮಾನ್‌ಖುರ್ದ್‌ನಲ್ಲಿ ಹತ್ತು ಅಡಿ ಅಗಲದ ಎರಡು ಕೋಣೆ. ಮುಂಬಯಿಯಲ್ಲಿ ಜಾಗದ ಬೆಲೆಯೇ ಹೀಗೆ ಮಾಡಿಸುತ್ತದೆ. ಐದು ಕಟ್ಟಡ ಕಟ್ಟಲು ಹೊರಟರೆ ಮೂರು ತಲೆಮಾರು ಬರೀ ಸಾಲ ತೀರಿಸಬೇಕು. ಇದರಿಂದ ಆಗುವ ದೊಡ್ಡ ಲಾಭ ಎಂದರೆ ಹಣ ಹಾರ್ಬರ್ ಲೈನ್ ಹತ್ತಿ ಕೆಳಗಿಳಿಯಬೇಕಾದ ಕಡೆ ಇಳಿಯುತ್ತದೆ. ಅಂಧೇರಿಯ ಸಂಬಳ ಮಾನ್‌ಖುರ್ದ್‌ನ ಸ್ಲೇಟಾಗುತ್ತದೆ. ಒಂದೊಂದು ಜಾಗದ ಹಣ ಅಲ್ಲಲ್ಲೇ ನಿಂತಿದ್ದರೆ ಅಂಧೇರಿಗೆ ಎರಡು ಎಸಿ ಬರುತ್ತಿತ್ತು, ಮಾನ್‌ಖುರ್ದ್‌ಗೆ ಒಂದು ಪ್ರಾರ್ಥನೆ.

ಇದು ಹೊಸ ಉಪಾಯವೂ ಅಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲನು, ಅಂದರೆ ಯೇಸುವಿನ ಸಂದೇಶ ಸಾರಿದ ಮೊದಲಿಗರಲ್ಲಿ ಒಬ್ಬ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯ ತೆಗೆದು ನೋಡಿ. ಮಕೆದೋನ್ಯದ ಕ್ರೈಸ್ತ ಸಭೆಗಳು ತಾವೇ ಬಡತನದಲ್ಲಿದ್ದರೂ ಯೆರೂಸಲೇಮಿನವರಿಗೆ ಹಣ ಕೂಡಿಸಿದವು. ಆ ಹಣವನ್ನು ಪೌಲ ಒಬ್ಬನೇ ಒಯ್ಯಲಿಲ್ಲ. ನಮ್ಮ ಮೇಲೆ ಯಾರೂ ತಪ್ಪು ಹೊರಿಸಬಾರದೆಂದು ಸಭೆಗಳು ಆರಿಸಿದವರನ್ನು ಜೊತೆಗೆ ಕಳಿಸುತ್ತೇವೆ ಎಂದ. ಖಜಾಂಚಿಯಾಗಿದ್ದಾಗ ಇದು ನನಗೆ ತುಂಬ ಹಿಡಿಸಿದ ಜಾಗ. ಅಪೊಸ್ತಲನಿಗೇ ಸಾಕ್ಷಿ ಸಹಿ ಬೇಕಾಗಿತ್ತು! ನಮ್ಮಲ್ಲಿ ಆರಾಧನೆ ಮುಗಿದ ಕೂಡಲೇ, ಪರಸ್ಪರ ಸಂಬಂಧಿಕರಲ್ಲದ ಇಬ್ಬರು ಅಲ್ಲೇ ಎಣಿಸಿ ಚೀಟಿ ಬರೆದು ಇಬ್ಬರೂ ಸಹಿ ಹಾಕುತ್ತಾರೆ, ಸೋಮವಾರ ಹಣ ಬ್ಯಾಂಕಿಗೆ ಹೋಗುತ್ತದೆ. ಎಣಿಸುವುದು ಸಭಾಪಾಲಕರ, ಅಂದರೆ ಪಾದ್ರಿಯ ಕೆಲಸವಲ್ಲ. ಒಮ್ಮೆ ಒಬ್ಬರು ಅವಸರದಲ್ಲಿ ಗಂಡ ಹೆಂಡತಿ ಇಬ್ಬರೇ ಎಣಿಸಿ ಕಳಿಸಿದರು. ಲೆಕ್ಕ ರೂಪಾಯಿಗೆ ರೂಪಾಯಿ ಸರಿಯಾಗಿತ್ತು. ಆದರೂ ನಾನು ಚೀಟಿ ಹಿಂದಿರುಗಿಸಿದೆ. ಮೂರು ತಿಂಗಳು ಆ ಮನೆಯಿಂದ ನನಗೆ ಕ್ರಿಸ್‌ಮಸ್ ತಿಂಡಿಯ ಕುಸ್ವಾರವೂ ಬರಲಿಲ್ಲ, ಮಾತೂ ಬರಲಿಲ್ಲ.

ನಿಮ್ಮ ಸಂಕಟದಲ್ಲಿ ಒಂದು ನಿಜ ಇದೆ, ಅದನ್ನು ಒಪ್ಪುತ್ತೇನೆ. ಹಣ ಕೇಂದ್ರಕ್ಕೆ ಹೋದ ಹಾಗೆ ತಿಳಿವಳಿಕೆಯೂ ಕೇಂದ್ರದಲ್ಲೇ ಇದೆ ಎಂದು ಸಮಿತಿಗೆ ಅನಿಸತೊಡಗುತ್ತದೆ. ನಾವು ಮಾಡಿದ ತಪ್ಪನ್ನೇ ಹೇಳುತ್ತೇನೆ. 2020ರ ಏಪ್ರಿಲ್, ಲಾಕ್‌ಡೌನ್. ಮೊಬೈಲಿನಲ್ಲೇ ಸಭೆ ಕೂಡಿ ಐದೂ ಕಡೆಗೆ ಒಂದೇ ಬಗೆಯ ಚೀಲ ಎಂದು ನಿರ್ಧರಿಸಿದೆವು: ಐದು ಕಿಲೋ ಅಕ್ಕಿ, ಎರಡು ಕಿಲೋ ತೊಗರಿಬೇಳೆ, ಎಣ್ಣೆ, ಸಕ್ಕರೆ, ಚಹಾಪುಡಿ. ಸಗಟಿನಲ್ಲಿ ಕೊಂಡದ್ದರಿಂದ ಅಗ್ಗವಾಯಿತು, ನಾನೇ ಹೆಮ್ಮೆಯಿಂದ ಲೆಕ್ಕ ಬರೆದೆ. ಥಾಣೆಯಲ್ಲಿ ಎಲ್ಲರೂ ಕೈ ಮುಗಿದರು. ಮಾನ್‌ಖುರ್ದ್‌ನಲ್ಲಿ ಯಾದಗಿರಿ ಕಡೆಯ ಒಬ್ಬ ಹೆಂಗಸು ಚೀಲ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ನಮ್ಮವರ ಕೈಗೇ ಕೊಟ್ಟಳು. ‘ಗ್ಯಾಸು ಮುಗಿದು ನಾಲ್ಕು ದಿನ ಆಯಿತು. ಹಸಿ ಅಕ್ಕಿಯನ್ನು ಮಕ್ಕಳ ಬಾಯಿಗೆ ಹಾಕಲೇ? ಇದನ್ನು ಒಯ್ಯಿರಿ, ಎರಡು ಕಿಲೋ ಗ್ಯಾಸು ತುಂಬಿಸಿ ಕೊಡಿ.’ ಅಲ್ಲಿ ಬಹಳ ಮಂದಿಗೆ ಇರುವುದು ಐದು ಕಿಲೋದ ಸಣ್ಣ ಸಿಲಿಂಡರು. ಕೂಲಿ ಸಿಕ್ಕ ದಿನ ಒಂದು ಕಿಲೋ, ಎರಡು ಕಿಲೋ ತುಂಬಿಸಿಕೊಳ್ಳುವುದು. ತುಂಬಿಸುವ ಅಂಗಡಿಗೆ ಬಾಗಿಲು ಬಿದ್ದಿತ್ತು. ಇದು ನಮ್ಮ ಮಾನ್‌ಖುರ್ದ್ ಕೋಣೆ ನೋಡಿಕೊಳ್ಳುವ, ನಗರಪಾಲಿಕೆಯ ಕನ್ನಡ ಶಾಲೆಯಿಂದ ನಿವೃತ್ತರಾದ ಮಾಸ್ತರರಿಗೆ ಗೊತ್ತಿತ್ತು. ಸಭೆಯಲ್ಲಿ ಅವರು ಹೇಳಿಯೂ ಇದ್ದರಂತೆ. ಅವರ ಮೊಬೈಲಿನ ಮೈಕು ಮುಚ್ಚಿತ್ತು, ನಮಗೆ ಕೇಳಿಸಲಿಲ್ಲ. ತುಟಿ ಆಡುವುದು ನನಗೆ ಕಂಡಿತ್ತು. ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡೆ.

ಆ ವಾರವೇ ನಿಯಮ ಬದಲಾಯಿತು. ಒಂದೊಂದು ಜಾಗಕ್ಕೂ ಕೈಯಲ್ಲಿ ಒಂದು ಮೊತ್ತ; ಮೊದಲು ಖರ್ಚು, ಆಮೇಲೆ ವಿವರಣೆ, ತಿಂಗಳೊಳಗೆ ರಸೀದಿ. ಯಾರಿಗೆ ಏನು ಬೇಕು ಎಂಬುದನ್ನು ಆ ಬಾಗಿಲಿನವರೇ ಹೇಳಬೇಕು. ಕೊಡುವಾಗ ಫೋಟೋ ಇಲ್ಲ. ಮಾಸ್ತರರು ಮೊದಲು ಮಾಡಿದ ಕೆಲಸ ಒಂದು ಸಮುದಾಯದ ಅಡುಗೆ ಒಲೆ. ಎರಡನೆಯದು, ಮರಾಠಿ ಬಾರದ ಹೆಂಗಸರ ಹೆಸರುಗಳನ್ನು ಸಹಾಯ ಪಡೆಯುವವರ ಪಟ್ಟಿಗೆ ಸೇರಿಸಿದ್ದು. ಪಟ್ಟಿ ಬರೆಯುವವರು ಮರಾಠಿಯಲ್ಲಿ ಕೇಳುತ್ತಿದ್ದರು, ಇವರು ಸುಮ್ಮನೆ ನಿಲ್ಲುತ್ತಿದ್ದರು, ಹೆಸರು ಬಿಟ್ಟುಹೋಗುತ್ತಿತ್ತು. ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಮೊದಲನೆಯ ಕ್ರೈಸ್ತ ಸಭೆಗೆ ಬಂದ ಮೊದಲನೆಯ ದೂರೂ ಇದೇ: ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಪಾಲು ತಪ್ಪುತ್ತಿದೆ. ಅದಕ್ಕೆಂದೇ ಏಳು ಮಂದಿಯನ್ನು ಆರಿಸಿದರು. ಅಲ್ಲೂ ಪಟ್ಟಿಯದೇ ಜಗಳ, ಭಾಷೆಯದೇ ಜಗಳ.

ಇನ್ನು ನಿಮ್ಮ ಅಂಧೇರಿಯ ಬಗ್ಗೆ. ನಾನು ಸಮಿತಿಯಲ್ಲಿದ್ದಿದ್ದರೆ ಎಸಿಗಿಂತ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದೆ: ನಿಮ್ಮ ಸಭಾಂಗಣದ ಕೀಲಿಕೈ ಯಾರ ಹತ್ತಿರ ಇದೆ? ಬಾಡಿಗೆ ಜಾಗ ಭಾನುವಾರ ಒಂಬತ್ತರಿಂದ ಒಂದರವರೆಗೆ ಮಾತ್ರ ನಿಮ್ಮದು. ಮಂಗಳವಾರ ಯಾರಾದರೂ ಬಾಗಿಲು ತಟ್ಟಿದರೆ? 2005ರ ಜುಲೈ 26, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ದಿನ, ಮಂಗಳವಾರವೇ ಆಗಿತ್ತು. ಲೋಕಲ್ ನಿಂತಿತ್ತು. ನಾನೂ ಫೋರ್ಟಿನ ಬ್ಯಾಂಕಿನಿಂದ ಸೀರೆ ಎತ್ತಿ ಕಟ್ಟಿ ನಡೆದು ಹೊರಟವಳೇ. ನಮ್ಮ ಬಾಡಿಗೆ ಜಾಗಗಳಲ್ಲಿ ಒಂದರ ಬಾಗಿಲೂ ತೆರೆಯಲಿಲ್ಲ; ಕೀಲಿಕೈ ಇದ್ದವರು ಇನ್ನೆಲ್ಲೋ ನೀರಿನಲ್ಲಿ ನಿಂತಿದ್ದರು. ತೆರೆದದ್ದು ಬೈಕಲಾದ್ದು ಒಂದೇ. ಕಾವಲುಗಾರ ಅಲ್ಲೇ ಮಲಗುತ್ತಿದ್ದ. ರಾತ್ರಿ ಒಂಬತ್ತಕ್ಕೆ ನಾನು ಒಳಗೆ ಬಂದಾಗ ಒದ್ದೆ ಚಪ್ಪಲಿ, ಬೂಟುಗಳ ಸಾಲು ವೇದಿಯ ಕಟಕಟೆಯವರೆಗೆ ಹೋಗಿತ್ತು. ಒಬ್ಬರು ಕಚೇರಿಯ ಕಡತಗಳನ್ನು ಬಿಡಿಸಿ ಹಾರ್ಮೋನಿಯಂ ಮೇಲೆ ಹಾಳೆ ಹಾಳೆಯಾಗಿ ಒಣಗಿಸುತ್ತಿದ್ದರು. ಬೆಂಚಿನ ಮೇಲೆ ಒಂದು ಮಗು, ಅದರ ಅಜ್ಜಿ ನಮಾಜಿಗೆ ಯಾವ ದಿಕ್ಕು ಎಂದು ಕೇಳಿದರು. ಕಾವಲುಗಾರನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಉಪ್ಪಿಟ್ಟಿನ ರವೆ ಎಲ್ಲಿಂದ ಬಂತು ಎಂದು ಇವತ್ತಿಗೂ ಲೆಕ್ಕದಲ್ಲಿ ಇಲ್ಲ.

ಅದಕ್ಕೆ ಹೇಳುತ್ತಿದ್ದೇನೆ. ಅಂಧೇರಿಯಲ್ಲಿ ವಾರವಿಡೀ ತೆರೆದಿರುವ ಒಂದು ಸಣ್ಣ ಕೋಣೆ ಕೇಳಿ, ಅದರ ಕೀಲಿಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಂಧೇರಿಯಲ್ಲಿ ಬಡವರಿಲ್ಲ ಎಂದು ಮಾತ್ರ ಹೇಳಬೇಡಿ. ನಿಮ್ಮ ಸಭಾಂಗಣದ ಹಿಂದಿನ ಗೇಟಿನಿಂದ ಒಮ್ಮೆ ಹೊರಗೆ ಹೋಗಿ ನೋಡಿ.

ಪ್ರಶ್ನೆ: ನಾನು ಹಿಂದೂ. ಚರ್ಚಿನ ಸಂಜೆ ಪಾಠದಲ್ಲಿ ಗಣಿತ ಕಲಿಸಬಹುದೇ? ಒಪ್ಪುತ್ತಾರೆಯೇ?
ಇಂಜಿನಿಯರಿಂಗ್ ವಿದ್ಯಾರ್ಥಿ, ವಾಶಿ

ಉತ್ತರ: ಒಪ್ಪದಿದ್ದರೆ ನನಗೆ ಬರೆಯಿರಿ. ಪರೀಕ್ಷೆಯ ತಿಂಗಳು ತಪ್ಪಿಸಿಕೊಳ್ಳುವುದಾದರೆ ಮೊದಲೇ ಹೇಳಿ, ಮಕ್ಕಳು ಕಾಯುತ್ತಾರೆ.

ಪ್ರಶ್ನೆ: ಕುಂದಾಪುರ ಕಡೆಯವನು, ಘಾಟ್ಕೋಪರದ ಹೋಟೆಲಿನಲ್ಲಿ ಅಡುಗೆಯವನು. ಊರಿನಿಂದ ಬಂದು ಜೊತೆಗಿರುವ ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಚರ್ಚಿನವರು ಸಹಾಯ ಮಾಡುತ್ತಾರೆ ಎಂದು ಯಾರೋ ಹೇಳಿದರು. ನಾವು ಕ್ರೈಸ್ತರಲ್ಲ. ಯಾರನ್ನು ಕೇಳುವುದು, ಎಷ್ಟು ಕೊಡುತ್ತಾರೆ?
ಹೆಸರು ಬೇಡ, ಘಾಟ್ಕೋಪರ್

ಉತ್ತರ: ತಮ್ಮಾ, ಹಣ ಹೆಚ್ಚು ಸಿಗುವುದಿಲ್ಲ. ಯಾವ ಚರ್ಚಿನ ಖಜಾನೆಯೂ ವಾರಕ್ಕೆರಡು ಡಯಾಲಿಸಿಸ್ ಖರ್ಚನ್ನು ವರ್ಷಗಟ್ಟಲೆ ಹೊರಲಾರದು. ಹೊರುತ್ತೇವೆ ಎಂದು ಮೊದಲ ತಿಂಗಳು ಹೇಳಿ ನಾಲ್ಕನೆಯ ತಿಂಗಳು ಕೈ ಚೆಲ್ಲುವುದಕ್ಕಿಂತ ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಆದರೆ ಒಳ್ಳೆಯ ಚರ್ಚಿನಲ್ಲಿ ಕಾಗದಪತ್ರ ಗೊತ್ತಿರುವ ಒಬ್ಬರು ಇರುತ್ತಾರೆ. ಅವರನ್ನು ಹುಡುಕಿ. ನೀವು ಕ್ರೈಸ್ತರಲ್ಲದಿರುವುದು ಅವರಿಗೆ ಬೇಕಾದ ವಿವರವಲ್ಲ.

ಅವರು ಮಾಡಿಕೊಡುವ ಕೆಲಸ ಇದು. ಮಹಾರಾಷ್ಟ್ರದಲ್ಲಿ ಧರ್ಮಾರ್ಥ ಟ್ರಸ್ಟು ಎಂದು ನೋಂದಾಯಿಸಿದ ಆಸ್ಪತ್ರೆಗಳು, ಅವುಗಳಲ್ಲಿ ಮುಂಬಯಿಯ ಹೆಸರಾಂತ ದೊಡ್ಡ ಆಸ್ಪತ್ರೆಗಳೂ ಇವೆ, ಹಾಸಿಗೆಗಳಲ್ಲಿ ಶೇಕಡಾ 10ನ್ನು ತೀರ ಬಡವರಿಗೆ ಪುಕ್ಕಟೆಯಾಗಿ, ಇನ್ನು ಶೇಕಡಾ 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ಇದು ಸಾರ್ವಜನಿಕ ಟ್ರಸ್ಟುಗಳ ಕಾಯ್ದೆಯ 41ಎಎ ಕಲಮು. ಬಾಂಬೆ ಹೈಕೋರ್ಟು 2006ರಲ್ಲಿ ಅದಕ್ಕೊಂದು ಯೋಜನೆಯನ್ನೇ ಹಾಕಿಕೊಟ್ಟಿದೆ. ಒಟ್ಟು ಬಿಲ್ಲಿನ ಶೇಕಡಾ 2ನ್ನು ಬಡ ರೋಗಿಗಳ ನಿಧಿಗೆ ಎತ್ತಿಡಬೇಕು. ಆಸ್ಪತ್ರೆಯ ಮುಂದಿನ ಕೌಂಟರಿನಲ್ಲಿ ಕೇಳಿದರೆ ಇದೆಲ್ಲ ಯಾರಿಗೂ ಗೊತ್ತಿಲ್ಲದ ಹಾಗೆ ಮುಖ ಮಾಡುತ್ತಾರೆ. ನೀವು ಕೇಳಬೇಕಾದದ್ದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು. ತಹಶೀಲ್ದಾರರ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಅಲ್ಲೂ ಆಗದಿದ್ದರೆ ಚಾರಿಟಿ ಕಮಿಷನರ್ ಕಚೇರಿಗೆ ದೂರು ಕೊಡಬಹುದು. ರಾಜ್ಯ ಸರಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಡಯಾಲಿಸಿಸ್ ಕೂಡ ಸೇರಿದೆ.

ಸಿಕ್ಕು ಬೀಳುವುದು ರೇಷನ್ ಕಾರ್ಡಿನಲ್ಲಿ. ಅಪ್ಪನ ಕಾರ್ಡು ಇನ್ನೂ ಊರಿನದ್ದೇ ಆಗಿರಬೇಕು. ರಾಜ್ಯದ ಯೋಜನೆಗೆ ಮಹಾರಾಷ್ಟ್ರದ ಕಾಗದ ಬೇಕು. ಆಯುಷ್ಮಾನ್ ಕಾರ್ಡು ಇದ್ದರೆ ಅದು ರಾಜ್ಯ ದಾಟಿಯೂ ನಡೆಯುವಂಥದ್ದು, ಅದನ್ನೂ ತೋರಿಸಿ ಕೇಳಿ. ನಮ್ಮ ಥಾಣೆಯಲ್ಲಿ ನಿವೃತ್ತ ನರ್ಸ್ ಒಬ್ಬರು ಗುರುವಾರ ಗುರುವಾರ ಇದೇ ಕೆಲಸಕ್ಕೆ ಕೂರುತ್ತಾರೆ. ಅವರ ಹತ್ತಿರ ಪ್ಲಾಸ್ಟಿಕ್ ಕಡತ, ಅಂಟು, ಸ್ಟೇಪ್ಲರ್, ಮತ್ತು ನೆರಳಚ್ಚು ತೆಗೆಸಲು ಹತ್ತು ರೂಪಾಯಿಯ ಚಿಲ್ಲರೆ. ವರ್ಷಕ್ಕೆ ಅವರ ಖರ್ಚಿನ ಚೀಟಿ ನನ್ನ ಪುಸ್ತಕದಲ್ಲಿ ಎಲ್ಲಕ್ಕಿಂತ ಚಿಕ್ಕದಾಗಿರುತ್ತಿತ್ತು. ಅದರಿಂದ ಆದ ಉಪಕಾರದ ಮೊತ್ತವನ್ನು ಬರೆಯಲು ಮಾತ್ರ ನನ್ನ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ನಿಮ್ಮ ಪತ್ರವನ್ನು ಸಂಪಾದಕರ ಮೂಲಕ ಅವರಿಗೆ ಕಳಿಸಿದ್ದೇನೆ. ಬಿಡುವು ಮಾಡಿಕೊಂಡು ಹೋಗಿ ಬನ್ನಿ. ಊರಿನ ಕಾಗದ ಒಂದನ್ನೂ ಬಿಡಬೇಡಿ.

ಪ್ರಶ್ನೆ: ನನ್ನ ಒಬ್ಬ ಅಳಿಯ ದುಬೈಯಲ್ಲಿ, ಇನ್ನೊಬ್ಬ ಕೆನಡಾದಲ್ಲಿ, ಅಲ್ಲಿಯ ಪೌರನೇ ಆಗಿದ್ದಾನೆ. ಇಬ್ಬರೂ ನಮ್ಮ ಚರ್ಚಿನ ಶಾಲಾ ಶುಲ್ಕದ ನಿಧಿಗೆ ಹಣ ಕಳಿಸುತ್ತೇವೆ ಎನ್ನುತ್ತಾರೆ. ನಾನೂ ಸ್ವಲ್ಪ ನಗದು ಕೊಡಬೇಕೆಂದಿದ್ದೇನೆ. ತೆರಿಗೆ ರಿಯಾಯಿತಿ ಸಿಗುತ್ತದೆಯೇ?
ನಿವೃತ್ತ ಅಧಿಕಾರಿ, ಥಾಣೆ

ಉತ್ತರ: ಇಲ್ಲಿ ನನ್ನ ಜಂಬದ ಮಾತನ್ನು ತಿದ್ದಬೇಕು. ಖಾತೆ ಒಂದೇ ಎಂದೆನಲ್ಲ, ಅದು ಐದು ಜಾಗಕ್ಕೆ ಸೇರಿ ಒಂದು ಎಂಬ ಅರ್ಥದಲ್ಲಿ. ನಿಜದಲ್ಲಿ ಎರಡು. ಒಂದು ಆರಾಧನೆಯ ಟ್ರಸ್ಟಿನದು: ಸಭಾಪಾಲಕರ ಸಂಬಳ, ಬಾಡಿಗೆ, ಹಾರ್ಮೋನಿಯಂ ರಿಪೇರಿ. ಇನ್ನೊಂದು ಸೇವಾ ಟ್ರಸ್ಟಿನದು: ಶಾಲಾ ಶುಲ್ಕ, ಔಷಧ, ಸಂಜೆ ಪಾಠ. 80ಜಿ ಎಂದು ನಾವೆಲ್ಲ ಕರೆಯುವ ರಿಯಾಯಿತಿ ಒಂದೇ ಮತದವರ ಹಿತಕ್ಕಾಗಿ ಇರುವ ಸಂಸ್ಥೆಗೆ ಸಿಗುವುದಿಲ್ಲ. ಎಲ್ಲ ಜಾತಿ ಮತದವರಿಗೂ ಬಾಗಿಲು ತೆರೆದಿರುವ ಸೇವಾ ಟ್ರಸ್ಟಿಗೆ ಮಾತ್ರ ಅದು ಸಾಧ್ಯ. ಡೊಂಬಿವಲಿಯ ಸೋದರಿಯ ಯಜಮಾನರು ಇದನ್ನೂ ಗಮನಿಸಲಿ. ನಿಮ್ಮ ರಸೀದಿ ಯಾವ ಟ್ರಸ್ಟಿನ ಹೆಸರಿನಲ್ಲಿದೆ ನೋಡಿ. ನಗದು ಕೊಡುವುದಾದರೆ 2,000 ರೂಪಾಯಿ ದಾಟಿದರೆ ರಿಯಾಯಿತಿ ಇಲ್ಲ, ಚೆಕ್ ಬರೆಯಿರಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಚೆಕ್ಕಿಗೂ ಇಲ್ಲ; ಆಗ ಪುಣ್ಯ ಒಂದೇ.

ದುಬೈ ಅಳಿಯ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ತನ್ನ ಸಂಪಾದನೆಯನ್ನು ಬ್ಯಾಂಕಿನ ಮೂಲಕ ಕಳಿಸಿದರೆ, ಅದು ವಿದೇಶಿ ದೇಣಿಗೆ ಅಲ್ಲ. ಕೆನಡಾ ಅಳಿಯನದು ವಿದೇಶಿ ದೇಣಿಗೆಯೇ. ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡು ಇದ್ದರೂ ಅಷ್ಟೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಟ್ರಸ್ಟು ಅದರಲ್ಲಿ ಒಂದು ಡಾಲರನ್ನೂ ಮುಟ್ಟಬಾರದು. ನೋಂದಣಿ ಇದ್ದರೂ, 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ‘ಮಾವನ ಖಾತೆಗೆ ಹಾಕುತ್ತೇನೆ, ಮಾವ ಚರ್ಚಿಗೆ ಕೊಡಲಿ’ ಎಂಬ ಜಾಣತನ ನಿಮ್ಮ ಅಳಿಯ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಬೇಡ. ಅಂಥ ಒಂದು ಚೆಕ್ಕನ್ನು ನಾನು ಕಣ್ಣೀರು ಹಾಕುತ್ತ ಹಿಂದಿರುಗಿಸಿದ್ದೇನೆ. ಅದು ದೊಡ್ಡ ಚೆಕ್ಕೇ ಆಗಿತ್ತು.

ಪ್ರಶ್ನೆ: ಗೆಳತಿಯ ಜೊತೆ ಅವರ ಚರ್ಚಿನ ಸುಗ್ಗಿ ಹಬ್ಬಕ್ಕೆ ಹೋಗಿದ್ದೆ. ಏಲಂ (ಹರಾಜು) ನಡೆಯಿತು. ಒಂದು ಮಂಗಳೂರು ಸೌತೆಕಾಯಿ ಸಾವಿರಾರು ರೂಪಾಯಿಗೆ ಹೋಯಿತು! ಬಡವರ ಹೆಸರಿನಲ್ಲಿ ಇದು ದೊಡ್ಡಸ್ತಿಕೆಯ ಪ್ರದರ್ಶನ ಅಲ್ಲವೇ?
ಉಪನ್ಯಾಸಕಿ, ಮುಲುಂಡ್

ಉತ್ತರ: ಸ್ವಲ್ಪ ಹೌದು. ನೀವು ಕರಾವಳಿಯವರಿರಬೇಕು, ಏಲಂ ಎನ್ನುತ್ತೀರಿ. ನಾವು ಗದಗ ಬೆಟಗೇರಿಯವರು ಲಿಲಾವು ಎನ್ನುತ್ತೇವೆ. ಊರಿನಲ್ಲಿ ಈ ಹಬ್ಬಕ್ಕೆ ಜೋಳದ ತೆನೆ, ಕುಂಬಳಕಾಯಿ, ಕೋಳಿ ಬರುತ್ತಿದ್ದವು. ಹಣವಿಲ್ಲದ ರೈತ ಬೆಳೆದದ್ದನ್ನೇ ಕಾಣಿಕೆ ಕೊಡುವ ದಾರಿ ಅದು. ಮುಂಬಯಿಯಲ್ಲಿ ಯಾರು ಏನು ಬೆಳೆಯುತ್ತಾರೆ? ಮಾಟುಂಗಾ ಮಾರುಕಟ್ಟೆಯಿಂದ ಕೊಂಡು ತರುತ್ತಾರೆ. ಮಾನ್‌ಖುರ್ದ್‌ನವರು ಮಾತ್ರ ಡಬ್ಬದಲ್ಲಿ ಬೆಳೆದ ಮೆಣಸಿನ ಗಿಡ, ಮಡಕೆಯ ಕೆಳಗಿಡಲು ಕೈಯಲ್ಲಿ ಹೆಣೆದ ಇರಿಕೆ ತರುತ್ತಾರೆ. ಅದನ್ನು ಅಂಧೇರಿಯವರು ಕೂಗಿ ಕೊಳ್ಳುತ್ತಾರೆ. ಐದೂ ಕಡೆಯವರು ವರ್ಷಕ್ಕೊಮ್ಮೆ ಒಂದೇ ಅಂಗಳದಲ್ಲಿ ಸೇರುವುದು ಅವತ್ತೇ. ಯಾರ ಹಣ ಯಾರಿಗೆ ಹೋಗುತ್ತಿದೆ ಎಂಬುದಕ್ಕೆ ಮುಖ ಕಾಣುವುದೂ ಅವತ್ತೇ. ದೊಡ್ಡಸ್ತಿಕೆಯೂ ಇರುತ್ತದೆ, ಸುಳ್ಳು ಹೇಳಲಾರೆ. ಇಬ್ಬರು ಬಿಲ್ಡರುಗಳು ಒಂದು ನಿಂಬೆಹಣ್ಣಿಗೆ ಹಟ ಹಿಡಿದದ್ದನ್ನು ನೋಡಿದ್ದೇನೆ. ಅವರ ಹಟದಿಂದ ಆ ವರ್ಷ ಒಂಬತ್ತು ಮಕ್ಕಳ ಶುಲ್ಕ ಕಟ್ಟಿದೆವು. ಹಾಗಾಗಿ ಬಾಯಿ ಮುಚ್ಚಿ ರಸೀದಿ ಬರೆದೆ.

ಸೌತೆಕಾಯಿಯ ಕತೆ ನಮ್ಮಲ್ಲೂ ಒಂದಿದೆ. ಒಬ್ಬರು ಕೂಗಿ ಹಿಡಿದರು, ಹಣ ಕೊಟ್ಟು ಅದನ್ನೇ ಮತ್ತೆ ಕಾಣಿಕೆಗೆ ಇಟ್ಟರು. ಎರಡನೆಯವರೂ ಹಾಗೇ ಮಾಡಿದರು. ಮೂರನೆಯ ಸಲ ಹಿಡಿದವರು ಖುಷಿಯಲ್ಲಿ ಒಯ್ಯುವುದನ್ನೇ ಮರೆತರು. ಸೋಮವಾರ ನಾನು ಲೆಕ್ಕ ಬರೆಯಲು ಹೋದಾಗ ಮೇಜಿನ ಮೇಲೆ ಕೂತಿತ್ತು, ಹೊಟ್ಟೆಗೆ ಮೂರು ಚೀಟಿ ಅಂಟಿಸಿಕೊಂಡು. ಫೋನು ಮಾಡಿದೆ, ಅಷ್ಟು ದೂರ ಯಾರು ಬರುತ್ತಾರೆ, ನೀವೇ ಇಟ್ಟುಕೊಳ್ಳಿ ಎಂದರು. ಕಾವಲುಗಾರ ಅದನ್ನು ಹೋಳು ಮಾಡಿ ಹುಳಿ ಮಾಡಿದ. ಬೀಜ ಒಣಗಿಸಿ ಪೊಟ್ಟಣ ಕಟ್ಟಿ, ಮಾನ್‌ಖುರ್ದ್‌ನ ಮಾಸ್ತರರಿಗೆ ಕಳಿಸಲು ನನ್ನ ಕೈಗೆ ಕೊಟ್ಟ. ಖಾತೆಯಲ್ಲಿ ಅದನ್ನು ಯಾವ ಬಾಬ್ತಿಗೆ ಬರೆಯುವುದೆಂದು ತಿಳಿಯದೆ ಹಾಗೇ ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದೆ.